ಎಥಿಲೀನಿನಿಂದ ಧಾನ್ಯಕ್ಕೆ: ಆಲ್ಕೋಹಾಲ್ ತಯಾರಿಕೆಯಲ್ಲಿ ನನ್ನ ಅನುಭವ

ಕೈಗಾರಿಕಾ ಆಲ್ಕೋಹಾಲ್ ತಯಾರಿಕೆಯಲ್ಲಿ ನಾನು ಮೊದಲು ದುಡಿದದ್ದು ಸಂಶ್ಲೇಷಿತ ಘಟಕದಲ್ಲಿ. ಅಲ್ಲಿ ಕಚ್ಚಾತೈಲದಿಂದ ಬರುವ ಎಥಿಲೀನ್ ಅನಿಲವನ್ನು ನೀರಾವಿಯೊಂದಿಗೆ ಬೆರೆಸಿ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಭಾರಿ ಒತ್ತಡದಲ್ಲಿ, ಫಾಸ್ಫಾರಿಕ್ ಆಮ್ಲ ಹೀರಿಸಿದ ಸಿಲಿಕಾದ ಮೇಲೆ ಹಾಯಿಸುತ್ತಿದ್ದೆವು. ಒಂದು ಸಲಕ್ಕೆ ಶೇಕಡ 5ರಷ್ಟು ಎಥಿಲೀನ್ ಮಾತ್ರ ಆಲ್ಕೋಹಾಲ್ ಆಗುವುದರಿಂದ ಉಳಿದ ಅನಿಲವನ್ನು ಮತ್ತೆ ಮತ್ತೆ ಸುತ್ತಿಸಬೇಕಾಗಿತ್ತು. ಕಚ್ಚಾತೈಲದ ಬೆಲೆ ಏರಿದಾಗಲೆಲ್ಲ ನಮ್ಮ ಲೆಕ್ಕವೂ ತಲೆಕೆಳಗಾಗುತ್ತಿತ್ತು.

ಧಾನ್ಯದ ಘಟಕದ ಕೆಲಸವೇ ಬೇರೆ. ಮುಸುಕಿನ ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ, 85ರಿಂದ 90 ಡಿಗ್ರಿಯಲ್ಲಿ ಪಿಷ್ಟವನ್ನು ತುಂಡರಿಸುವ ಆಲ್ಫಾ ಅಮೈಲೇಸ್ ಕಿಣ್ವ ಹಾಕಿದರೆ, ಕದಡಲೂ ಆಗದಷ್ಟು ಗಟ್ಟಿಯಾಗಿದ್ದ ಗಂಜಿ ನೋಡನೋಡುತ್ತಿದ್ದಂತೆ ತೆಳ್ಳಗಾಗುತ್ತದೆ. ಅದನ್ನು ತಣಿಸಿ, ಆ ತುಂಡುಗಳನ್ನು ಗ್ಲುಕೋಸ್ ಸಕ್ಕರೆಯಾಗಿಸುವ ಗ್ಲುಕೋಅಮೈಲೇಸ್ ಕಿಣ್ವ ಮತ್ತು ಯೀಸ್ಟ್ ಸೇರಿಸಿ, 32 ಡಿಗ್ರಿಯ ಆಸುಪಾಸಿನಲ್ಲಿ ಹುದುಗಲು ಬಿಡುತ್ತಿದ್ದೆ. ಹುದುಗುವಾಗ ಶಾಖ ಹುಟ್ಟುವುದರಿಂದ ತಂಪು ನೀರಿನ ಹರಿವನ್ನು ಕಣ್ಣಿಟ್ಟು ಕಾಯಬೇಕು. ಪಿಎಚ್ ನಿರೀಕ್ಷೆಗಿಂತ ಬೇಗ ಕುಸಿದರೆ, ಅಂದರೆ ದ್ರವ ಬೇಗ ಹುಳಿಯಾದರೆ, ಯೀಸ್ಟಿಗೆ ಸಿಗಬೇಕಾದ ಸಕ್ಕರೆಯನ್ನು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಿನ್ನುತ್ತಿದೆ ಎಂದೇ ಅರ್ಥ. ಎಲ್ಲವೂ ಸರಿಯಾಗಿದ್ದರೂ ಒಂದು ಕಿಲೋ ಗ್ಲುಕೋಸಿನಿಂದ 511 ಗ್ರಾಮಿಗಿಂತ ಹೆಚ್ಚು ಆಲ್ಕೋಹಾಲ್ ಬರುವುದು ಅಸಾಧ್ಯ, ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಬಟ್ಟಿ ಇಳಿಸುವಿಕೆಯೂ ತೂಕದಲ್ಲಿ ಶೇಕಡ 95.6ಕ್ಕೆ ನಿಲ್ಲುವುದರಿಂದ ಕೊನೆಯ ನೀರನ್ನು ಮಾಲಿಕ್ಯುಲರ್ ಸೀವ್ (ನೀರಿನ ಅಣುಗಳನ್ನು ಹೀರಿಡುವ ಸೂಕ್ಷ್ಮರಂಧ್ರಗಳ ಹರಳು) ಮೂಲಕ ತೆಗೆಯುತ್ತಿದ್ದೆವು.

ಎರಡೂ ಮೂಲಗಳ ಶುದ್ಧ ಎಥನಾಲ್, ಅಂದರೆ ನಾವು ತಯಾರಿಸುವ ಈ ಆಲ್ಕೋಹಾಲ್, ರಾಸಾಯನಿಕವಾಗಿ ಒಂದೇ. ಆದರೆ ಸರ್ಕಾರಗಳ ಸಹಾಯಧನ ಸಾಮಾನ್ಯವಾಗಿ ಕೃಷಿಮೂಲದ್ದಕ್ಕೆ ಮೀಸಲು: ಬ್ರೆಜಿಲ್ 1975ರಲ್ಲಿ ಕಬ್ಬಿನ ಎಥನಾಲಿಗೆ ರಾಷ್ಟ್ರೀಯ ಯೋಜನೆಯನ್ನೇ ರೂಪಿಸಿತು, ಅಮೆರಿಕ 1978ರಲ್ಲಿ ಎಥನಾಲ್ ಬೆರೆಸಿದ ಪೆಟ್ರೋಲಿಗೆ ತೆರಿಗೆ ವಿನಾಯಿತಿ ಕೊಟ್ಟಿತು. ಹೀಗಾಗಿ ಮೂಲವನ್ನು ಸಾಬೀತುಪಡಿಸುವ ಪ್ರಶ್ನೆ ಬಂದಾಗ ನಾವು ಮಾದರಿಯನ್ನು ಕಾರ್ಬನ್-14 (ಕಾಲ ಕಳೆದಂತೆ ನಶಿಸುವ ವಿಕಿರಣಶೀಲ ಇಂಗಾಲ) ಪರೀಕ್ಷೆಗೆ ಕಳುಹಿಸುತ್ತಿದ್ದೆವು. ಕೋಟ್ಯಂತರ ವರ್ಷ ಹಳೆಯದಾದ ಪೆಟ್ರೋಲಿಯಂ ಇಂಗಾಲದಲ್ಲಿ ಅದು ಉಳಿದಿರುವುದಿಲ್ಲ. ಇತ್ತೀಚೆಗೆ ಬೆಳೆದ ಜೋಳದಲ್ಲಿ ಇದ್ದೇ ಇರುತ್ತದೆ. ಕಾಗದಪತ್ರಗಳಿಗಿಂತ ಈ ಎಣಿಕೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಹೊಸ ಘಟಕದ ಯೋಜನಾವರದಿ ಕೈಗೆ ಬಂದರೆ ನಾನು ಮೊದಲು ಸಹಾಯಧನದ ಸಾಲನ್ನು ಅಳಿಸಿ ಲೆಕ್ಕ ಹಾಕುತ್ತೇನೆ, ಏಕೆಂದರೆ ಸ್ಥಾವರ ದಶಕಗಳ ಕಾಲ ನಡೆಯಬೇಕಾದದ್ದು, ಅಮೆರಿಕದ ಎಥನಾಲ್ ಮಿಶ್ರಣದ ತೆರಿಗೆ ರಿಯಾಯಿತಿಯಾದರೋ 2011ರ ಕೊನೆಗೆ ನಿಂತೇಹೋಯಿತು. ಆ ಲೆಕ್ಕದಲ್ಲಿ ಧಾನ್ಯದ ಬೆಲೆ, ಉಗಿಯ ಖರ್ಚು ಮತ್ತು ಒಣಗಿಸಿ ಪಶು ಆಹಾರವಾಗಿ ಮಾರುವ ಚರಟದ ಆದಾಯ, ಈ ಮೂರನ್ನು ನೋಡಿದ ಮೇಲೆಯೇ ಮುಂದಿನ ಪುಟ ತಿರುವುತ್ತೇನೆ.