ಶುಗರ್ ಇರೋರಿಗೆ ವಾಂತಿ ಶುರುವಾದ್ರೆ ಕಿಡ್ನಿ ಉಳಿಸ್ಕೊಳ್ಳೋದು ಹೇಗೆ

ಮಳೆಗಾಲದಲ್ಲಿ ಕೊಡಗಲ್ಲಿ ಜ್ವರ ವಾಂತಿ ಮಾಮೂಲು, ಆದ್ರೆ ಇನ್ಸುಲಿನ್ ತಗೊಳ್ಳೋರಿಗೆ ವಾಂತಿ ಜೊತೆ ಹೊಟ್ಟೆನೋವು, ಜೋರು ಉಸಿರು, ವಿಪರೀತ ಬಾಯಾರಿಕೆ ಇದ್ರೆ ಅದು ಕೀಟೋಆಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ತುಂಬ್ಕೊಳ್ಳೋದು) ಇರಬಹುದು, ಗ್ಯಾಸ್ ಅಂತ ಸುಮ್ನೆ ಕೂರ್ಬೇಡಿ. ಶುಗರ್ ಏರಿದಾಗ ಮೂತ್ರದಲ್ಲಿ ನೀರು, ಉಪ್ಪು ಎರಡೂ ಹೋಗುತ್ತೆ, ದೊಡ್ಡೋರಲ್ಲಿ 6 ಲೀಟರ್‌ವರೆಗೂ ಕೊರತೆ ಆಗ್ಬಹುದು, ಆಗ ಕಿಡ್ನಿಗೆ ರಕ್ತ ಸಾಲದೆ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕ್ಬೇಕಾದ ರಕ್ತದ ಕಲ್ಮಶ) ಏರುತ್ತೆ.

ಮೊದಲು ಶುಗರ್ ನೋಡಿ, ಮೆಡಿಕಲಲ್ಲಿ ಕೀಟೋನ್ ಸ್ಟ್ರಿಪ್ ಸಿಕ್ರೆ ಮೂತ್ರಾನೂ ಟೆಸ್ಟ್ ಮಾಡಿ. ಊಟ ಸೇರ್ತಿಲ್ಲ ಅಂತ ಇನ್ಸುಲಿನ್ ಪೂರ್ತಿ ನಿಲ್ಲಿಸ್ಬೇಡಿ, ಡೋಸ್ ಎಷ್ಟು ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಮೂತ್ರದಲ್ಲಿ ಶುಗರ್ ಹೊರಹಾಕೋ ಡಾಪಾಗ್ಲಿಫ್ಲೋಜಿನ್ ತರದ ಮಾತ್ರೆ ಮಾತ್ರ ಆವತ್ತು ಬೇಡ, ಅದನ್ನ ತಗೊಳ್ಳೋರಿಗೆ ಶುಗರ್ 200ರ ಒಳಗಿದ್ರೂ ಕೀಟೋನ್ ಏರಿರಬಹುದು. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ (ನಮ್ಮ ತೋಟದ ಕಡೆ ಇದನ್ನ ಪೆಪ್ಪರ್‌ಮೆಂಟ್ ತರ ನುಂಗ್ತಾರೆ), ನೀರಿಲ್ದೆ ಸೊರಗಿರೋ ಕಿಡ್ನಿಗೆ ಅದು ಇನ್ನೊಂದು ಏಟು.

ಆಮೇಲೆ 108ಕ್ಕೆ ಫೋನ್ ಮಾಡಿ. ನೇರ ಮೈಸೂರಿಗೇ ಹೋಗೋಣ ಅನ್ನೋರು ಮನೇಲಿ ಒಬ್ರು ಇದ್ದೇ ಇರ್ತಾರೆ, ಕೇಳ್ಬೇಡಿ, ದಾರೀಲಿ ಮರ ಬಿದ್ದಿದ್ರೆ ಗತಿ ಏನು, ಮಡಿಕೇರಿನೋ ವಿರಾಜಪೇಟೆನೋ ಹತ್ತಿರದ ಆಸ್ಪತ್ರೆಲೇ ಮೊದಲು ಡ್ರಿಪ್ ಹಾಕ್ಸಿ.

ಅಲ್ಲಿ ಪೊಟ್ಯಾಷಿಯಂ ರಿಪೋರ್ಟ್ ನೋಡಿ ಆಮೇಲೆ ಇನ್ಸುಲಿನ್ ಶುರು ಮಾಡ್ತಾರೆ, ಲೇಟಾಯ್ತು ಅಂತ ಗಲಾಟೆ ಮಾಡ್ಬೇಡಿ, ಪೊಟ್ಯಾಷಿಯಂ ತೀರಾ ಕಮ್ಮಿ ಇದ್ದಾಗ ಕೊಟ್ರೆ ಹಾರ್ಟಿಗೇ ಅಪಾಯ. ಮೂತ್ರ ಎಷ್ಟು ಹೋಗ್ತಿದೆ ಅಂತ ಬರ್ದಿಡಿ; 60 ಕೆಜಿ ಇರೋರಿಗೆ ಗಂಟೆಗೆ 30 ಎಂಎಲ್‌ಗಿಂತ ಕಮ್ಮಿ ಆಗ್ತಿದ್ರೆ ನರ್ಸಿಗೆ ಹೇಳಿ. ಡಿಸ್ಚಾರ್ಜ್ ಆದ್ಮೇಲೂ ಕ್ರಿಯಾಟಿನಿನ್ ಯಾವಾಗ ಮತ್ತೆ ನೋಡ್ಬೇಕು ಅಂತ ಕೇಳ್ಕೊಂಡೇ ಬನ್ನಿ.