ಒಂದೇ ಸೆಟ್ಟಿಂಗ್, ಮೂರು ಕಡೆ ಮೂರು ಮೌಲ್ಯ: ಪೋಸ್ಟ್‌ಗ್ರೆಸ್‌ನಲ್ಲಿ ನನ್ನ ಅನುಭವ

ತಿಂಗಳ ಕೊನೆಯ ವರದಿ ತಯಾರಿಸುವ ಕ್ವೆರಿಯೊಂದು (ಡೇಟಾಬೇಸಿಗೆ ಕೇಳುವ ಪ್ರಶ್ನೆ) ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ನಲ್ಲಿ ತೀರ ನಿಧಾನವಾಗಿತ್ತು. ಕ್ವೆರಿ ಹೇಗೆ ಓಡಿತು ಎಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಮಾಡಿ ನೋಡಿದಾಗ, ವಿಂಗಡಣೆ ಮೆಮೊರಿಯಲ್ಲಿ ಹಿಡಿಸದೆ ಡಿಸ್ಕಿಗೆ ಹೋಗುತ್ತಿರುವುದು ಕಂಡಿತು. ಹಾಗಾಗಿ ಮುಖ್ಯ ಸೆಟ್ಟಿಂಗ್ ಕಡತವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್.ಕಾನ್ಫ್‌ನಲ್ಲಿ, ವಿಂಗಡಣೆಯಂಥ ಕೆಲಸಕ್ಕೆ ಸಿಗುವ ಮೆಮೊರಿಯ ಮಿತಿಯಾದ ವರ್ಕ್_ಮೆಮ್ ಮೌಲ್ಯವನ್ನು 64 ಎಂಬಿಗೆ ಏರಿಸಿ ರಿಲೋಡ್ ಮಾಡಿದೆ. ಆದರೂ ಶೋ ಕಮಾಂಡ್ 16 ಎಂಬಿ ಎಂದೇ ತೋರಿಸಿತು.

ಕಡತವನ್ನು ಮತ್ತೆ ಮತ್ತೆ ತಿದ್ದುವುದನ್ನು ಬಿಟ್ಟು ಸರ್ವರನ್ನೇ ಕೇಳಿದೆ. ಪಿಜಿ_ಸೆಟ್ಟಿಂಗ್ಸ್ ವ್ಯೂನ ಸೋರ್ಸ್‌ಫೈಲ್, ಸೋರ್ಸ್‌ಲೈನ್ ಕಾಲಂಗಳು, ಜಾರಿಯಲ್ಲಿರುವ ಮೌಲ್ಯ ಯಾವ ಕಡತದ ಎಷ್ಟನೆಯ ಸಾಲಿನಿಂದ ಬಂದಿದೆ ಎಂಬುದನ್ನು ಹೇಳುತ್ತವೆ. ಅಲ್ಲಿ ಇದ್ದದ್ದು ಪೋಸ್ಟ್‌ಗ್ರೆಸ್‌ಕ್ಯೂಎಲ್.ಆಟೋ.ಕಾನ್ಫ್. 2014ರಲ್ಲಿ ಬಂದ 9.4ನೇ ಆವೃತ್ತಿಯಿಂದ ಆಲ್ಟರ್ ಸಿಸ್ಟಮ್ ಕಮಾಂಡ್ ತನ್ನ ಬದಲಾವಣೆಗಳನ್ನು ಬರೆದಿಡುವುದು ಆ ಕಡತದಲ್ಲಿ. ಅದನ್ನು ಕೊನೆಯಲ್ಲಿ ಓದುವುದರಿಂದ ಅದರ ಮಾತೇ ನಡೆಯುತ್ತದೆ. ಕಡತಗಳಲ್ಲಿರುವ ಸಾಲುಗಳನ್ನು ತೋರಿಸುವ ಪಿಜಿ_ಫೈಲ್_ಸೆಟ್ಟಿಂಗ್ಸ್‌ನಲ್ಲಿ ನಾನು ಬರೆದ ಸಾಲಿನ ಎದುರು, ಅಪ್ಲೈಡ್ ಕಾಲಂನಲ್ಲಿ, ಫಾಲ್ಸ್ ಎಂದಿತ್ತು, ಅಂದರೆ ಅದು ಜಾರಿಗೆ ಬಂದಿರಲಿಲ್ಲ.

ಆಲ್ಟರ್ ಸಿಸ್ಟಮ್ ರೀಸೆಟ್ ಮಾಡಿ ಆ ಕಡತದ ಸಾಲನ್ನು ತೆಗೆದು, ರಿಲೋಡ್ ಕೊಟ್ಟ ಮೇಲೆ ನನ್ನ ಸೆಷನ್‌ನಲ್ಲಿ 64 ಬಂತು, ಆದರೆ ವರದಿಯ ವೇಗ ಮಾತ್ರ ಬದಲಾಗಲಿಲ್ಲ. ವರದಿ ಓಡುವ ರೋಲ್‌ನಿಂದಲೇ (ಡೇಟಾಬೇಸಿನ ಬಳಕೆದಾರ ಖಾತೆ) ಲಾಗಿನ್ ಆಗಿ ನೋಡಿದರೆ ಮೌಲ್ಯ 8 ಎಂಬಿ, ಸೋರ್ಸ್ ಕಾಲಂನಲ್ಲಿ ಯೂಸರ್ ಎಂದಿತ್ತು. ಹಿಂದೆ ಯಾರೋ ಆಲ್ಟರ್ ರೋಲ್ ಮೂಲಕ ಅದನ್ನು ಕಟ್ಟಿಟ್ಟಿದ್ದರು. ಡೇಟಾಬೇಸಿಗೆ ಕೊಟ್ಟದ್ದು ಕಡತಗಳನ್ನು ಮೀರುತ್ತದೆ, ರೋಲ್‌ಗೆ ಕೊಟ್ಟದ್ದು ಡೇಟಾಬೇಸನ್ನು ಮೀರುತ್ತದೆ, ಸೆಷನ್‌ನಲ್ಲಿ ಸೆಟ್ ಮಾಡಿದ್ದು ಇವೆಲ್ಲವನ್ನೂ ಮೀರುತ್ತದೆ. ಆಡಳಿತಗಾರನ ಲಾಗಿನ್‌ನಿಂದ ಪರೀಕ್ಷಿಸಿ ತೃಪ್ತನಾದದ್ದು ನನ್ನ ತಪ್ಪಾಗಿತ್ತು.

ಸರ್ವರಿಗೆಲ್ಲ 64 ಕೊಡುವ ನಿರ್ಧಾರವನ್ನೂ ಆಗ ಕೈಬಿಟ್ಟೆ. ವರ್ಕ್_ಮೆಮ್ ಒಂದು ಕನೆಕ್ಷನ್ನಿಗೆ ಒಮ್ಮೆ ಸಿಗುವ ಪಾಲಲ್ಲ. ಒಂದೇ ಕ್ವೆರಿಯ ಪ್ರತಿಯೊಂದು ವಿಂಗಡಣೆಯೂ ಹ್ಯಾಷ್ ಕೆಲಸವೂ ಅಷ್ಟಷ್ಟು ಮೆಮೊರಿ ಬಳಸಬಹುದು, ನೂರಾರು ಕನೆಕ್ಷನ್‌ಗಳಿರುವ ಕಡೆ ಅದು ಅಪಾಯ. ಹಾಗಾಗಿ ಮುಖ್ಯ ಕಡತದಲ್ಲಿ 64ರ ಬದಲು 16 ಬರೆದು, ವರದಿಯ ರೋಲ್‌ಗೆ ಮಾತ್ರ 64 ಕೊಟ್ಟೆ. ರೋಲ್‌ನ ಸೆಟ್ಟಿಂಗ್ ಹೊಸ ಸೆಷನ್ ಆರಂಭವಾಗುವಾಗಷ್ಟೇ ಅನ್ವಯವಾಗುವುದರಿಂದ ಪೂಲ್‌ನಲ್ಲಿ (ಮರುಬಳಕೆಗೆ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಇದ್ದ ಹಳೆಯ ಕನೆಕ್ಷನ್‌ಗಳನ್ನು ಮುಚ್ಚಿಸಬೇಕಾಯಿತು. ಅದಾದ ಮೇಲೆ ವಿಂಗಡಣೆ ಮೆಮೊರಿಯಲ್ಲೇ ಮುಗಿಯಿತು.

ಈಗ ಯಾವುದೇ ಸರ್ವರನ್ನು ಒಪ್ಪಿಕೊಳ್ಳುವ ದಿನ ಮೊದಲು, ರೋಲ್ ಮತ್ತು ಡೇಟಾಬೇಸಿಗೆ ಕೊಟ್ಟ ಸೆಟ್ಟಿಂಗ್‌ಗಳಿರುವ ಪಿಜಿ_ಡಿಬಿ_ರೋಲ್_ಸೆಟ್ಟಿಂಗ್ ಕೋಷ್ಟಕವನ್ನೂ ಆಟೋ.ಕಾನ್ಫ್ ಕಡತವನ್ನೂ ಓದಿ, ಅಲ್ಲಿರುವ ಪ್ರತಿ ಸಾಲಿಗೂ ಕಾರಣ ಕೇಳಿ ಬರೆದಿಟ್ಟುಕೊಳ್ಳುತ್ತೇನೆ.