ತಿಂಗಳ ಕವರ್ ಬಿಟ್ಟು ವಾರದ ಕವರ್ ಹಿಡಿದದ್ದು

ನಾನು ನಮ್ಮ ಸಭೆಯ ಖಜಾಂಚಿ ಆದದ್ದು 2017ರಲ್ಲಿ. ದಕ್ಷಿಣ ಕನ್ನಡದ ಸಣ್ಣ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಒಂದು ಚರ್ಚಿಗೆ ಸೇರಿದವರು, 85 ಮನೆ. ಲೆಕ್ಕದ ಪುಸ್ತಕ ಕೈಗೆ ಬಂದಾಗ, ಮನೆಯವರು ತಿಂಗಳಿಗೊಮ್ಮೆ ಕವರಿನಲ್ಲಿ ಹಾಕಿ ಕೊಡುವ ಕಾಣಿಕೆ 28 ಸಾವಿರದ ಆಸುಪಾಸು ಇತ್ತು. ಡಯಾಸಿಸ್‌ಗೆ ಅಂದರೆ ಬಿಷಪರ ಕಚೇರಿಗೆ ಕಟ್ಟುವ ಪಾಲು ಐದು ತಿಂಗಳು ಬಾಕಿ. ಈಗ ತಿಂಗಳಿಗೆ 60 ಸಾವಿರ ದಾಟುತ್ತದೆ, ಬಾಕಿ ಇಲ್ಲ. "ನಿನ್ನ ಸೊಸೈಟಿ ಬುದ್ಧಿ ದೇವಾಲಯದಲ್ಲಿ ನಡೆಯೋದಿಲ್ಲ ಮಾರಾಯ" ಎಂದಿದ್ದ ಹಿರಿಯರೇ ಈಗ ಪಕ್ಕದ ಊರಿನ ಖಜಾಂಚಿಯನ್ನು ನನ್ನ ಹತ್ತಿರ ಕಳಿಸುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಯಿತು, ಹಾಗಾಗಿ ಬರೆದಿಟ್ಟಿದ್ದೇನೆ.

ಮೊದಲು ಸೋತದ್ದು ಹೇಳಿಬಿಡುತ್ತೇನೆ. ಶುರು ಮಾಡಿದ್ದು ದಶಮಾಂಶದಿಂದ, ಅಂದರೆ ಆದಾಯದ ಹತ್ತನೇ ಒಂದು ಪಾಲು ದೇವರಿಗೆ ಕೊಡುವುದರಿಂದ. ನಮ್ಮ ಪಾದ್ರಿ ಅಯ್ಯನವರು ಬೈಬಲಿನ ಮಲಾಕಿಯ 3:10 ಹಿಡಿದು ಮೂರು ಭಾನುವಾರ ಪ್ರಸಂಗ ಮಾಡಿದರು. ನಾನು ವಾಗ್ದಾನದ ಕಾರ್ಡ್ ಪ್ರಿಂಟ್ ಮಾಡಿಸಿದೆ. ವಾಪಸ್ ಬಂದದ್ದು 31 ಕಾರ್ಡ್, ಬರೆದಷ್ಟು ಕೊಟ್ಟವರು ಒಂಬತ್ತು ಜನ. ಪ್ರಿಂಟಿಂಗ್‌ನ 900 ರೂಪಾಯಿ ನೀರಿಗೆ ಬಿತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಹಿಂದಿನವರ ಪದ್ಧತಿ ಎಂದು ಕಾಣಿಕೆ ಬಾಕಿ ಇಟ್ಟವರ ಹೆಸರನ್ನು ಆರಾಧನೆಯಲ್ಲಿ ಪ್ರಕಟಣೆಯ ಹೊತ್ತಿಗೆ ಓದಿದೆ. ಒಬ್ಬರು ವಿಧವೆ, ಮರುವಾರದಿಂದ ಆರಾಧನೆಗೆ ಬರಲಿಲ್ಲ. ನಾಲ್ಕು ತಿಂಗಳು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಎರಡನೇ ಸಲ ಅವರ ಮನೆಗೆ ಹೋದಾಗ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. ಬಾಯಿ ಬಿಟ್ಟು ಬೈಯಲಿಲ್ಲ. ಎಲೆ ಕತ್ತರಿಸುತ್ತಲೇ ಕೇಳಿದರು: "ಒಂದನೇ ತಾರೀಕಿಗೆ ನಮ್ಮ ಕೈಯಲ್ಲಿ ಎಂತ ಉಂಟು ಅಣ್ಣ? ಬೀಡಿ ಬ್ರಾಂಚಿನವರು ಹಣ ಕೊಡೋದು ಶನಿವಾರ. ಸೋಮವಾರಕ್ಕೆ ಅಂಗಡಿಯವನಿಗೆ ಹೋಗಿ ಆಯ್ತು."

ಇಪ್ಪತ್ತೆರಡು ವರ್ಷ ಸಹಕಾರಿ ಸೊಸೈಟಿಯಲ್ಲಿ ಸಾಲದ ಕಂತು ಬರೆದವನು ನಾನು. ಅಡಿಕೆಯವನ ಕಂತು ಬೇರೆ, ಮೇಷ್ಟ್ರ ಕಂತು ಬೇರೆ ಅಂತ ಅಲ್ಲಿ ಗೊತ್ತಿತ್ತು. ದೇವಾಲಯದ ಮೆಟ್ಟಿಲು ಹತ್ತಿದ ಕೂಡಲೇ ಮರೆತಿದ್ದೆ!

ಮನೆ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: ದುಡ್ಡು ಯಾವಾಗ ಬರುತ್ತದೆ? ಎಷ್ಟು ಎಂದು ಕೇಳಲಿಲ್ಲ. ಬೀಡಿ, ಗೇರುಬೀಜದ ಫ್ಯಾಕ್ಟರಿ, ಕೂಲಿ ಸೇರಿ 38 ಮನೆಗೆ ವಾರದ ಲೆಕ್ಕ. 31 ಮನೆಗೆ ತಿಂಗಳ ಸಂಬಳ. ಹತ್ತು ಮನೆಯವರಿಗೆ ಅಡಿಕೆ ಮಾರಿದಾಗ. ಉಳಿದ ಆರು ಗಲ್ಫ್, ಅಲ್ಲಿಂದ ಬಂದಾಗ ಬಂತು. ವಾರದವರಿಗೆ 52 ಕವರ್, ತಿಂಗಳಿನವರಿಗೆ 12, ಅಡಿಕೆಯವರಿಗೆ ಎರಡು ದೊಡ್ಡದು. ಪೌಲನೂ ಕೊರಿಂಥದವರಿಗೆ ವಾರದ ಮೊದಲ ದಿನವೇ ತೆಗೆದಿಡಿ ಅಂತ ಬರೆದಿದ್ದಾನೆ, ಅದನ್ನು ಅಯ್ಯನವರು ಆಮೇಲೆ ತೋರಿಸಿದರು. ನನಗೆ ಕಲಿಸಿದ್ದು ಮಾತ್ರ ಆ ಜಗಲಿ.

ಮೊದಲ ವರ್ಷ ಅಂಟಿರುವ ಕವರ್ ತಂದೆ, ಒಂದಕ್ಕೆ 60 ಪೈಸೆ ಇರಬೇಕು. ಜೂನ್ ಮಳೆ ಹಿಡಿಯಿತು ನೋಡಿ, ಎಲ್ಲ ಖಾಲಿ ಕವರ್ ತಮ್ಮಷ್ಟಕ್ಕೆ ಅಂಟಿಕೊಂಡವು. ಹೆಂಗಸರು ಚಾಕುವಿನಲ್ಲಿ ಬಿಡಿಸಿ ಹಣ ಹಾಕಿ, ಮೇಲೆ ಅನ್ನದ ಅಗುಳು ಒತ್ತಿ ತಂದರು. ಬೀರುವಿಗೆ ಇರುವೆ ಬಂತು. ಈಗ ಅಂಟಿಲ್ಲದ್ದು, ಮಡಚುವ ಕವರ್.

ಇನ್ನೊಂದು ಜಗಳ ನಂಬರಿನದು. ಕವರ್ ಮೇಲೆ ಹೆಸರು ಬೇಡ, ನಂಬರ್ ಸಾಕು ಎಂದರೆ 1ನೇ ನಂಬರ್ ಯಾರಿಗೆ ಅಂತ ಎರಡು ಕುಟುಂಬ ಮಾತು ಬಿಟ್ಟವು. ಚೀಟಿ ಎತ್ತಿಸಿದೆ. ಸಂಡೇ ಸ್ಕೂಲಿನ ಮಗು ಎತ್ತಿದ್ದಕ್ಕೆ ಯಾರೂ ಉಸಿರೆತ್ತಲಿಲ್ಲ.

ಬಾಗಿಲ ಹತ್ತಿರದ ಬೋರ್ಡಿನಲ್ಲಿ ತಿಂಗಳ ಖರ್ಚು ಹಾಕಲು ಶುರು ಮಾಡಿದ್ದೂ ಆಗಲೇ. ಮೇಣದಬತ್ತಿ 140, ಆರ್ಗನ್ ರಿಪೇರಿ 1,800, ಕರೆಂಟ್ 2,300 ಚಿಲ್ಲರೆ. ಕಮಿಟಿಯಲ್ಲಿ ದೊಡ್ಡ ಗಲಾಟೆ. ನಮ್ಮಲ್ಲಿ ಹಳೆಯ ಅಭ್ಯಾಸ ಒಂದುಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಶಾಲೆ, ಪ್ರೆಸ್ಸು, 1865ರಲ್ಲಿ ಹೆಂಚಿನ ಕಾರ್ಖಾನೆ. ಅಜ್ಜಂದಿರು ಅಲ್ಲೇ ದುಡಿದು, ಅಲ್ಲೇ ಆರಾಧನೆ ಮಾಡಿದವರು. ಲೆಕ್ಕ ಮಿಷನ್ ದೊರೆಗಳು ನೋಡಿಕೊಳ್ಳುತ್ತಾರೆ, ನಮಗ್ಯಾಕೆ ಅನ್ನುವುದು ರಕ್ತದಲ್ಲೇ ಇದೆ. ಆದರೆ ಕರೆಂಟ್ ಬಿಲ್ ಕಂಡ ಒಬ್ಬರು ಮರುವಾರ ಎಂಟು ಎಲ್‌ಇಡಿ ಬಲ್ಬ್ ತಂದು ಕೊಟ್ಟರು. ಗಲಾಟೆ ತಣ್ಣಗಾಯಿತು.

2020ರಲ್ಲಿ ದೇವಾಲಯ ಮುಚ್ಚಿತು. ಬೀಡಿ ಕೆಲಸವೂ ನಿಂತಿತ್ತು, ಕಾಣಿಕೆ ಮುಗಿಯಿತು ಅಂದುಕೊಂಡೆ. ಜೂನ್‌ನಲ್ಲಿ ಬಾಗಿಲು ತೆರೆದಾಗ ಬೀಡಿ ಕಟ್ಟುವ ಅದೇ ಅಕ್ಕ ರಬ್ಬರ್ ಬ್ಯಾಂಡ್ ಹಾಕಿದ ಹನ್ನೆರಡು ಕವರ್ ತಂದರು. ಒಂದರಲ್ಲಿ ಹತ್ತು ರೂಪಾಯಿ ನಾಣ್ಯ, ಕೆಲವದರಲ್ಲಿ ಎರಡು ರೂಪಾಯಿ. ಐದು ಖಾಲಿ. ಖಾಲಿಯವುಗಳ ಮೇಲೆ ಪೆನ್ಸಿಲ್‌ನಲ್ಲಿ "ಎಲೆ ಬರಲಿಲ್ಲ" ಎಂದು ಬರೆದಿತ್ತು. ನಾನು ಐದನ್ನೂ ತಾರೀಕು ಹಾಕಿ ಪುಸ್ತಕಕ್ಕೆ ಏರಿಸಿದೆ, ಮೊತ್ತ ಸೊನ್ನೆ. ಆಡಿಟ್ ಮಾಡುವವರು ಇದೇನು ಅಂತ ಕೇಳಿದರು. ಇರಲಿ ಸಾರ್ ಎಂದೆ.

ನಡುವೆ ಅಕ್ಕಿಯ ಪ್ರಯೋಗ ಮಾಡಿ ಕೈ ಸುಟ್ಟುಕೊಂಡೆ. ಮಿಜೋರಂನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ಅಡುಗೆ ಮಾಡುವಾಗ ಒಂದು ಹಿಡಿ ಅಕ್ಕಿ ದೇವರಿಗೆ ತೆಗೆದಿಡುತ್ತಾರೆ, ಸಭೆ ಅದನ್ನು ಮಾರುತ್ತದೆ. ನಮ್ಮಲ್ಲೂ ಡಬ್ಬಿ ಇಟ್ಟೆ. ಕುಚ್ಚಲಕ್ಕಿ, ಬೆಳ್ತಿಗೆ, ರೇಷನ್ ಅಕ್ಕಿ ಎಲ್ಲ ಒಟ್ಟಿಗೆ ಬಿತ್ತು. ರೇಷನ್ ಅಕ್ಕಿ ಮಾರಿದರೆ ಕೇಸು. ಹುಳ ಬೇರೆ. ಕೊನೆಗೆ ಕೋಳಿ ಸಾಕುವವರು ಪುಕ್ಕಟೆ ಒಯ್ದರು. ಅದೇ ಮನೆಯ ಕೋಳಿ, ಬೆಳೆಹಬ್ಬಕ್ಕೆ ಸಭೆಯವರು ತಂದು ಕೊಟ್ಟದ್ದನ್ನು ಹರಾಜು ಹಾಕುವ ಏಲಂಗೆ ಬಂದು 1,400ಕ್ಕೆ ಹೋಯಿತು, ಹಾಗಾಗಿ ಪೂರ್ತಿ ನಷ್ಟ ಅಂತಲೂ ಹೇಳಲಾರೆ.

ಕ್ಯೂಆರ್ ಕೋಡ್ ಕೂಡ ಇಟ್ಟಿದ್ದೇನೆ, ಆದರೆ ಬಾಗಿಲ ಹೊರಗೆ. ಬೆಂಚಿಗೆ ಅಂಟಿಸಿದಾಗ ಕಾಣಿಕೆಯ ಚೀಲ ಬರುವ ಹೊತ್ತಿಗೆ ಎಲ್ಲರೂ ಮೊಬೈಲ್ ತೆಗೆದರು, ಒಬ್ಬರು ವಾಟ್ಸಾಪ್‌ನಲ್ಲೇ ಉಳಿದರು. ಮಕ್ಕಳ ಕೈಗೆ ಹಾಕಲಿಕ್ಕೆ ಏನೂ ಸಿಗಲಿಲ್ಲ.

ಬೆಳೆಹಬ್ಬದ ಏಲಂನಲ್ಲಿ ಯಾವುದನ್ನು ಮೊದಲು ಎತ್ತಬೇಕು, ಯಾವುದನ್ನು ಕೊನೆಗೆ ಉಳಿಸಬೇಕು ಎನ್ನುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಒಂದು ಮಂಗಳೂರು ಸೌತೆ 650ಕ್ಕೆ ಹೋದದ್ದು ಸುಮ್ನೆ ಅಲ್ಲ. ಅದನ್ನು ಇಲ್ಲಿ ಬರೆಯೋದಿಲ್ಲ, ಏಲಂ ಕೂಗುವವರು ನಮ್ಮ ಸಭೆಯವರೇ ಅಲ್ವಾ, ಓದಿಬಿಟ್ಟಾರು.

ಮುಂದಿನ ವರ್ಷದ ಕವರ್‌ಗೆ ಮೊನ್ನೆ ಆರ್ಡರ್ ಕೊಟ್ಟೆ. ಈ ಸಲ ಒಂದು ಸೆಟ್ ಜಾಸ್ತಿ. ಸೊಸೈಟಿ ಬುದ್ಧಿ ಎಂದಿದ್ದರಲ್ಲ ಆ ಹಿರಿಯರು, ದುಬೈಯಲ್ಲಿರುವ ಮಗನಿಗೂ ಒಂದು ನಂಬರ್ ಬೇಕು ಎಂದರು. ಚಿಕ್ಕ ನಂಬರ್ ಇದ್ದರೆ ಒಳ್ಳೆಯದು ಎಂದೂ ಹೇಳಿದರು. 86 ಕೊಟ್ಟಿದ್ದೇನೆ.